ದ್ರಾಕ್ಷಿ ಪಡದಲ್ಲಿ ಎಣ್ಣಿ ಹೊಡೆಯುವವರಿಗೆ ಏನು ಹೇಳಬೇಕು, ಯಾರು ಹೇಳಬೇಕು?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಆರು ಎಕರೆ ದ್ರಾಕ್ಷಿ ಪಡ. ಎಣ್ಣಿ (ಕೀಟ, ರೋಗಕ್ಕೆ ಸಿಂಪಡಿಸುವ ಔಷಧ) ಹೊಡೆಯಲು ಇಬ್ಬರು ಕಾಯಂ ಹುಡುಗರಿದ್ದಾರೆ. ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸಲು, ಗುತ್ತಿಗೆ ತಂಡ ಬರುತ್ತದೆ, ಅದರಲ್ಲಿ ಅರ್ಧ ಜನಕ್ಕೆ ಕನ್ನಡ ಬರಲ್ಲ. ಗೊನೆ ಕೆಲಸಕ್ಕೆ ಪಕ್ಕದ ತಾಂಡಾದ ಹೆಣ್ಣುಮಕ್ಕಳು ಬರುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಎಣ್ಣಿ ಹೊಡೆದ ದಿನ ಸಂಜೆ ತಲೆಸುತ್ತು, ವಾಂತಿ ಅಂತ ಮಲಗಿಬಿಟ್ಟ. ಬಿಸಿಲಿಗೆ ಹೀಗಾಗಿದೆ ಅಂದರು. ಆಮೇಲೆ ನಾನು ಮಾಸ್ಕು, ಕೈಗವಸು, ಕನ್ನಡಕ ಎಲ್ಲ ತಂದಿಟ್ಟೆ. ಒಬ್ಬರೂ ಹಾಕಲ್ಲ. ಹೇಳಿದರೆ 'ಏನೂ ಆಗಂಗಿಲ್ಲ ಬಿಡ್ರಿ ಸಾವ್ಕಾರ್ರ' ಅಂತಾರೆ. ಇವರಿಗೆ ತರಬೇತಿ ಕೊಡೋದು ಹೇಗೆ ಸರ್?

ಉತ್ತರ: ಮೊದಲು ಆ ಹುಡುಗನ ವಿಷಯ. ಬಿಸಿಲು ಹೊಡೆದರೂ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಎಣ್ಣಿ ಹತ್ತಿದರೂ ಅಷ್ಟೇ. ಅದಕ್ಕೇ ಎಣ್ಣಿಯ ಎಷ್ಟೋ ಕೇಸು ಬಿಸಿಲಿನ ಲೆಕ್ಕಕ್ಕೆ ಜಮಾ ಆಗಿಬಿಡುತ್ತವೆ. ವ್ಯತ್ಯಾಸ ಗುರುತಿಸಲು ಕೆಲವು ಸುಳಿವುಗಳಿವೆ. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಅನ್ನುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಮೈಯಲ್ಲಿ ಸೋರುವುದೆಲ್ಲ ಸೋರತೊಡಗುತ್ತದೆ. ಜೊಲ್ಲು, ಕಣ್ಣೀರು, ಸಿಂಬಳ, ಬೆವರು. ಹೊಟ್ಟೆ ನುಲಿಯುತ್ತದೆ, ಎದೆ ಬಿಗಿಯುತ್ತದೆ, ಕಣ್ಣು ಮಂಜಾಗುತ್ತದೆ. ಕಣ್ಣಿನ ಪಾಪೆ ತೀರಾ ಚಿಕ್ಕದಾಗುತ್ತದೆ. ರೆಪ್ಪೆ, ತೊಡೆಯ ಮಾಂಸ ತಾನಾಗಿ ಅದುರುತ್ತದೆ. ಬಿಸಿಲು ಹೊಡೆದವರ ಬಾಯಿ ಸಾಮಾನ್ಯವಾಗಿ ಒಣಗಿರುತ್ತದೆ, ಪಾಪೆ ಹೀಗೆ ಚಿಕ್ಕದಾಗುವುದಿಲ್ಲ. ಇನ್ನೊಂದು ಮಾತು. ಎಣ್ಣಿಯ ಲಕ್ಷಣ ಹೊಡೆಯುತ್ತಿರುವಾಗಲೇ ಬರಬೇಕು ಅಂತೇನಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತ ಮೇಲೂ ಶುರುವಾಗಬಹುದು.

ಆದರೆ ಈ ಸುಳಿವುಗಳು ಆ ಎರಡು ಗುಂಪಿಗೆ ಮಾತ್ರ. ಬೇರೆ ಔಷಧಗಳ ಲಕ್ಷಣ ಬೇರೆ. ಹಾಗಾಗಿ ವೈದ್ಯರು ಕೇಳುವ ಮೊದಲ ಪ್ರಶ್ನೆ, ಯಾವ ಎಣ್ಣಿ ಹೊಡೆದಿರಿ? ನಿಮ್ಮ ಪತ್ರದಲ್ಲಿ ಅದೇ ಇಲ್ಲ. ನಿಮಗೇ ನೆನಪಿಲ್ಲ ಅಂದರೆ ಆ ಹುಡುಗನಿಗೆ ಹೇಗೆ ಗೊತ್ತಿರಬೇಕು ಹೇಳಿ?

ಬೇಜಾರು ಮಾಡಿಕೊಳ್ಳಬೇಡಿ. ಈ ಪ್ರಶ್ನೆಯನ್ನು ನನಗೆ ಬಹಳ ಬೆಳೆಗಾರರು ಕೇಳುತ್ತಾರೆ, ಎಲ್ಲರೂ 'ಆಳುಗಳಿಗೆ ಹೇಗೆ ಬುದ್ಧಿ ಹೇಳೋದು' ಅಂತಲೇ ಕೇಳುತ್ತಾರೆ. ಯಾವ ಬಾಟಲಿ ತರಬೇಕು, ಎಷ್ಟು ಹೊತ್ತಿಗೆ ಹೊಡೆಯಬೇಕು, ಮರುದಿನ ಆ ಪ್ಲಾಟಿಗೆ ಯಾರನ್ನು ಬಿಡಬೇಕು, ಇವೆಲ್ಲ ನಿಮ್ಮ ತೀರ್ಮಾನಗಳು. ಮೈಮೇಲೆ ಬೀಳೋದು ಮಾತ್ರ ಅವರಿಗೆ. ಅದಕ್ಕೇ ಅವರ ಮುಖಕ್ಕೆ ಮಾಸ್ಕ್ ಹಾಕಿಸೋದನ್ನು ನಾನು ಕೊನೆಗಿಡುತ್ತೇನೆ. ಮೊದಲು ಬಾಟಲಿ, ಆಮೇಲೆ ಗೋಡೆ ಮೇಲಿನ ಬೋರ್ಡು, ಆಮೇಲೆ ತರಬೇತಿ.

ಬಾಟಲಿಯಿಂದ ಶುರು ಮಾಡೋಣ. ಪ್ರತಿ ಡಬ್ಬಿಯ ಮೇಲೂ ಒಂದು ಚೌಕ ಇರುತ್ತದೆ, ಅದರ ಕೆಳಗಿನ ತ್ರಿಕೋನಕ್ಕೆ ಬಣ್ಣ ಇರುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಅಂದರೆ ಅತ್ಯಂತ ವಿಷ, ಹಳದಿ ಅದರ ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಇಲಿಗಳಿಗೆ ಬಾಯಿ ಮೂಲಕ ಕೊಟ್ಟಾಗ ಅರ್ಧದಷ್ಟು ಇಲಿ ಸಾಯುವ ಪ್ರಮಾಣ ನೋಡಿ ಇದನ್ನು ಲೆಕ್ಕ ಹಾಕುತ್ತಾರೆ. ಒಂದು ಕೆಜಿ ತೂಕಕ್ಕೆ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು, 500ರ ತನಕ ಹಳದಿ, 5,000ದ ತನಕ ನೀಲಿ, ಅದಕ್ಕೂ ಮೇಲೆ ಹಸಿರು. ಚರ್ಮಕ್ಕೆ ತಾಗಿದಾಗಿನ ವಿಷಕ್ಕೂ ಇಂಥದೇ ಇನ್ನೊಂದು ಲೆಕ್ಕ ಇದೆ. ಹಸಿರು ನೋಡಿ 'ಇದು ಸೇಫ್' ಅಂದುಕೊಳ್ಳುವವರು ಬಹಳ. ಬಿಸ್ಕೆಟ್ ಪ್ಯಾಕಿನ ಹಸಿರು ಚುಕ್ಕೆ ನೋಡಿ ಅಭ್ಯಾಸ ಆಗಿರುತ್ತದಲ್ಲ. ಹಸಿರು ತ್ರಿಕೋನದ್ದೂ ವಿಷವೇ. ತಕ್ಷಣ ಕೊಲ್ಲುವ ಶಕ್ತಿ ಕಡಿಮೆ ಅಂತ ಮಾತ್ರ ಅರ್ಥ. ಚರ್ಮ ಸುಡುವುದು, ಅಲರ್ಜಿ, ವರ್ಷಗಟ್ಟಲೆ ತಾಗಿದರೆ ಆಗುವ ತೊಂದರೆ, ಇವು ಯಾವುವೂ ಆ ಬಣ್ಣದಲ್ಲಿ ಕಾಣುವುದಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೀಟನಾಶಕಗಳ ಬಗ್ಗೆ ಒಂದು ಅಂತರರಾಷ್ಟ್ರೀಯ ನೀತಿ ಸಂಹಿತೆ ಮಾಡಿದೆ. 1985ರಲ್ಲಿ ಮೊದಲು ಬಂತು, ಆಮೇಲೆ ಪರಿಷ್ಕರಣೆ ಆಗಿದೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಅಂಶವಿದೆ. ಬಳಸಬೇಕಾದರೆ ಮೈಗೆ ಕಿರಿಕಿರಿಯಾಗುವ, ದುಬಾರಿಯಾದ ಅಥವಾ ಸುಲಭವಾಗಿ ಸಿಗದ ರಕ್ಷಣಾ ಉಡುಪು ಬೇಕೇ ಬೇಕು ಅನ್ನುವಂಥ ಔಷಧಗಳನ್ನು ಬಿಟ್ಟುಬಿಡಬೇಕು, ಅದರಲ್ಲೂ ಸೆಕೆ ಇರುವ ದೇಶಗಳ ಸಣ್ಣ ರೈತರ ವಿಷಯದಲ್ಲಿ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿರುವಾಗ ಪ್ಲಾಸ್ಟಿಕ್ ಅಂಗಿ ತೊಟ್ಟು ಎಣ್ಣಿ ಹೊಡೆಯುವ ಬ್ಲೋವರ್ ಓಡಿಸು ಅಂದರೆ ಯಾವ ಹುಡುಗ ಓಡಿಸುತ್ತಾನೆ? ನೀವು ಓಡಿಸುತ್ತೀರಾ? ಹಾಗಾಗಿ ಕೆಂಪು ತ್ರಿಕೋನದ್ದನ್ನು ಪಡಕ್ಕೆ ತರಲೇಬೇಡಿ. ಹಳದಿಗೆ ಬದಲು ನೀಲಿ, ಹಸಿರು ಸಿಗುತ್ತದಾ ನೋಡಿ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ದ್ರಾಕ್ಷಿಗೆ ಬಳಸಬಹುದಾದ ಔಷಧಗಳ ಪಟ್ಟಿ ಕೊಡುತ್ತದೆ. ಎಕ್ಸ್‌ಪೋರ್ಟ್ ಮಾಡುವವರು ಅದನ್ನು ಹಣ್ಣಿನಲ್ಲಿ ಉಳಿಯುವ ಅಂಶಕ್ಕಾಗಿ ನೋಡುತ್ತಾರೆ. ನೀವು ಆಳುಗಳ ಸಲುವಾಗಿಯೂ ನೋಡಿ. ಒಂದೇ ರೋಗಕ್ಕೆ ಮೂರು ನಾಲ್ಕು ಔಷಧ ಇರುತ್ತವೆ, ಅವುಗಳಲ್ಲಿ ತ್ರಿಕೋನದ ಬಣ್ಣ ನೋಡಿ ಆರಿಸಿಕೊಳ್ಳಿ. ಶೆಡ್ಡಿನ ಮೂಲೆಯನ್ನೂ ಒಮ್ಮೆ ಜಾಲಾಡಿ. ಹಿಟ್ಟು ತಿಗಣೆಗೆ ಅಂತ ತಂದಿಟ್ಟ ಡೈಕ್ಲೋರೋವಾಸ್ ಇದ್ದರೆ, ಅದು 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಮೆಥೋಮಿಲ್ 2023ರ ಆದೇಶದಲ್ಲಿ ನಿಷೇಧವಾಯಿತು. ಹಳೇ ಬಾಟಲಿ 'ಒಂದು ಸಲಕ್ಕೆ ಸಾಕು' ಅಂತ ಇಟ್ಟುಕೊಂಡಿರುತ್ತಾರೆ, ಅದೇ ಅಪಾಯ.

ಬೆರಕೆ ಹೊಡೆಯೋದನ್ನೂ ಕಡಿಮೆ ಮಾಡಿ. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆದ ಸುಮಾರು 20 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಎರಡು ಮೂರು ಔಷಧ ಕೂಡಿಸಿ ಹೊಡೆದವರು ಅದರಲ್ಲಿದ್ದರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು, ಹನಿ ನೇರ ಮುಖ, ಎದೆಗೆ ಬಂತು. ದ್ರಾಕ್ಷಿಯಲ್ಲಿ ಎಲೆ, ಗೊನೆ ಎಲ್ಲ ಪ್ರತಿ ವರ್ಷವೂ ಮುಖದ ಮಟ್ಟದಲ್ಲೇ, ಚಪ್ಪರವಾದರೆ ತಲೆಯ ಮೇಲೇ ಇರುತ್ತವೆ. ಇದನ್ನು ಮರೆಯಬೇಡಿ.

ಈಗ ಬೋರ್ಡು. ಪಂಪ್‌ಹೌಸ್ ಗೋಡೆಗೆ ಒಂದು ಕರಿಹಲಗೆ ಹಾಕಿ. ಯಾವ ಪ್ಲಾಟು, ಯಾವ ಔಷಧ, ತ್ರಿಕೋನದ ಬಣ್ಣ, ಹೊಡೆದು ಮುಗಿದ ಹೊತ್ತು, ಮತ್ತೆ ಒಳಗೆ ಹೋಗಬಹುದಾದ ದಿನ. ಬಣ್ಣವನ್ನು ಬಣ್ಣದ ಸೀಮೆಸುಣ್ಣದಲ್ಲೇ ಬರೆಯಿರಿ, ಓದಲು ಬಾರದವರಿಗೂ ಗೊತ್ತಾಗುತ್ತದೆ. ಆ ಪ್ಲಾಟಿನ ಬಾಯಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿ. ಬಟ್ಟೆ ಇದ್ದರೆ ಒಳಗೆ ಹೋಗೋದಿಲ್ಲ, ಅಷ್ಟೇ ನಿಯಮ. ಬಟ್ಟೆ ಬಿಚ್ಚುವ ಕೆಲಸ ಒಬ್ಬರಿಗೇ ಇರಲಿ.

ಇದು ಯಾಕೆ ಮುಖ್ಯ ಅಂದರೆ ನಿಮ್ಮ ಪತ್ರದಲ್ಲಿ ಎಣ್ಣಿ ಹೊಡೆಯುವ ಹುಡುಗರ ಆರೋಗ್ಯದ ಚಿಂತೆ ಇದೆ, ತಾಂಡಾದ ಹೆಣ್ಣುಮಕ್ಕಳದ್ದು ಇಲ್ಲ. ಸಹಜ. ಅವರ ಕೈಯಲ್ಲಿ ಪಂಪ್ ಇರುವುದಿಲ್ಲವಲ್ಲ. ಆದರೆ ಹಿಂದಿನ ಸಂಜೆ ಹೊಡೆದ ಪ್ಲಾಟಿಗೆ ಬೆಳಿಗ್ಗೆ ಏಳಕ್ಕೆ ಬರುವವರು ಅವರೇ. ಎಲೆ ಮೇಲೆ ಒಣಗಿದ ಔಷಧವನ್ನು ಇಬ್ಬನಿ ಮತ್ತೆ ಹಸಿ ಮಾಡಿರುತ್ತದೆ. ಗೊನೆ ಬಿಡಿಸಲು, ಕಾಳು ತೆಗೆಯಲು ಕೈ ಮೇಲೆತ್ತಿ ನಿಲ್ಲಬೇಕು. ಎಲೆಯ ನೀರು ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಕಂಕುಳಿಗೆ ಇಳಿಯುತ್ತದೆ. ಸೀರೆ ಮೇಲೆ ಗಂಡನ ಹಳೇ ಶರ್ಟು ತೊಟ್ಟಿರುತ್ತಾರೆ, ಅದು ಒಳ್ಳೆಯದೇ. ಆದರೆ ಅದು ಬೆಳಿಗ್ಗೆ ಒದ್ದೆಯಾದರೆ ಮಧ್ಯಾಹ್ನದ ತನಕ ಮೈಗೆ ಅಂಟಿಕೊಂಡೇ ಇರುತ್ತದೆ. ಅದೇ ಕೈಯಲ್ಲಿ ಬುತ್ತಿ ಬಿಚ್ಚುತ್ತಾರೆ, ತಂಬಾಕು ತಿಕ್ಕುತ್ತಾರೆ. ಚಪ್ಪರದ ಕಂಬಕ್ಕೆ ಜೋಳಿಗೆ ಕಟ್ಟಿ ಕೂಸು ಮಲಗಿಸಿದ್ದನ್ನು ನೀವೂ ನೋಡಿರುತ್ತೀರಿ.

ಡಬ್ಬಿಯ ಜೊತೆ ಬರುವ ಲೀಫ್‌ಲೆಟ್‌ನಲ್ಲಿ 'ಕಾಯುವ ಅವಧಿ' ಇಷ್ಟು ದಿನ ಅಂತ ಇರುತ್ತದೆ. ಅದು ಕೊನೆ ಸಿಂಪಡಣೆಯಿಂದ ಕೊಯ್ಲಿನ ತನಕದ ಲೆಕ್ಕ. ಹಣ್ಣು ತಿನ್ನುವವರ ಸಲುವಾಗಿ ಇರೋದು. ಒಳಗೆ ಕೆಲಸ ಮಾಡುವವರು ಯಾವಾಗ ಹೋಗಬಹುದು ಅನ್ನೋದು ಬೇರೆ ಲೆಕ್ಕ. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ ಜನ, ಅಂಗಡಿಯವರೂ ಸೇರಿ. ಅಮೆರಿಕದಲ್ಲಿ ಔಷಧದ ವಿಷದ ಮಟ್ಟ ನೋಡಿ ಸಾಮಾನ್ಯವಾಗಿ 12, 24 ಅಥವಾ 48 ಗಂಟೆ ಒಳಗೆ ಬಿಡುವುದಿಲ್ಲ, ಕೆಲವು ಔಷಧಗಳಿಗೆ ಇನ್ನೂ ಜಾಸ್ತಿ. ನಿಮ್ಮ ಪಡಕ್ಕೆ ನಾನು ಹೇಳುವುದು ಇಷ್ಟು. ಹಸಿರು, ನೀಲಿಗೆ ಪೂರ್ತಿ ಒಂದು ದಿನ, ಹಳದಿಗೆ ಎರಡು ದಿನ. ಲೀಫ್‌ಲೆಟ್‌ನಲ್ಲಿ ಇದಕ್ಕಿಂತ ಜಾಸ್ತಿ ಹೇಳಿದ್ದರೆ ಅದೇ ಸರಿ. ಇಬ್ಬನಿ ಆರಿದ ಮೇಲೇ ಒಳಗೆ ಬಿಡಿ. ಪ್ಲಾಟುಗಳನ್ನು ಸರದಿ ಮಾಡಿಕೊಂಡರೆ ಒಂದರಲ್ಲಿ ಎಣ್ಣಿ ಆಗುವಾಗ ಇನ್ನೊಂದರಲ್ಲಿ ಗೊನೆ ಕೆಲಸ ನಡೆಯುತ್ತದೆ, ಕೂಲಿಯೂ ತಪ್ಪುವುದಿಲ್ಲ. ಕೂಸುಗಳಿಗೆ ಪಡದ ಹೊರಗೆ, ಗಾಳಿ ಬರುವ ದಿಕ್ಕಿನ ಕಡೆ ನೆರಳು ಮಾಡಿಕೊಡಿ. ಬಸುರಿಯರನ್ನು, 18 ತುಂಬದವರನ್ನು ಎಣ್ಣಿಯ ಹತ್ತಿರವೂ ಬಿಡಬೇಡಿ.

ದ್ರಾಕ್ಷಿ ತೋಟದ ಆಳುಗಳಿಗೂ ಎಣ್ಣಿಗೂ ಇರುವ ಜಗಳ ನಮ್ಮ ಕಡೆ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ 1965ರಿಂದ ಐದು ವರ್ಷ ದ್ರಾಕ್ಷಿ ಕಾರ್ಮಿಕರ ಮುಷ್ಕರ ನಡೆಯಿತು. 1970ರಲ್ಲಿ ಮಾಲೀಕರು ಸಹಿ ಹಾಕಿದ ಒಪ್ಪಂದದಲ್ಲಿ ಕೂಲಿಯ ಜೊತೆ ಕೀಟನಾಶಕದಿಂದ ರಕ್ಷಣೆಯ ಷರತ್ತೂ ಇತ್ತು. ಅವರ ನಾಯಕ ಸೀಸರ್ ಚಾವೆಜ್ 1988ರಲ್ಲಿ ಇದೇ ವಿಷಯಕ್ಕೆ 36 ದಿನ ಉಪವಾಸ ಕೂತಿದ್ದರು. ಅಂದರೆ ಅಲ್ಲಿಯೂ ಇದು ತಾನಾಗಿ ಬರಲಿಲ್ಲ.

ಇನ್ನು ತರಬೇತಿ. ಹಾಲ್‌ನಲ್ಲಿ ಕೂರಿಸಿ ಒಂದು ತಾಸು ಭಾಷಣ ಮಾಡಿಸಿದರೆ ಚಹಾ ಕುಡಿದು ಎದ್ದು ಹೋಗುತ್ತಾರೆ. ಚಿತ್ರದ ಪೋಸ್ಟರ್ ಅಂಟಿಸಿದರೆ ಆಯಿತು ಅನ್ನುವ ನಂಬಿಕೆಯೂ ನನಗಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ತೋಟದ ಕೆಲಸಗಾರರಿಗೆ ಲೇಬಲ್ ಮೇಲಿನ ಚಿತ್ರಗಳನ್ನು ತೋರಿಸಿ ಅರ್ಥ ಕೇಳಿದಾಗ, ಅರ್ಧದಷ್ಟು ಚಿತ್ರಗಳಿಗೆ ಅರ್ಧಕ್ಕೂ ಹೆಚ್ಚು ಜನ ತಪ್ಪು ಅರ್ಥ ಹೇಳಿದರು. ಆ ಚಿತ್ರ ಬರೆದವರಿಗೆ ಅದು ಸ್ಪಷ್ಟವಾಗೇ ಕಂಡಿರುತ್ತದೆ.

ನೀವು ಹೀಗೆ ಮಾಡಿ. ಒಂದು ದಿನ ಬೆಳಿಗ್ಗೆ ಪಂಪಿಗೆ ಔಷಧ ಹಾಕಬೇಡಿ. ಬರೀ ನೀರು, ಅದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ದಟ್ಟವಾಗಿ ಕಲಸಿ. ಎಣ್ಣಿ ಹೊಡೆಯುವ ಒಬ್ಬ ಹುಡುಗನಿಗೆ ಒಂದು ಹಳೇ ಬಿಳಿ ಬನಿಯನ್ನು, ಬಿಳಿ ಪೈಜಾಮ ತೊಡಿಸಿ. ಎಂದಿನಂತೆ ಬೆರೆಸಲಿ, ಎಂದಿನಂತೆ ಒಂದು ಸಾಲು ಹೊಡೆಯಲಿ. ಮುಗಿದ ಮೇಲೆ ಎಲ್ಲರ ಮುಂದೆ ನಿಲ್ಲಿಸಿ. ಎದೆ ಮೇಲೆ ನೀಲಿ ಚುಕ್ಕೆ ಇರುತ್ತವೆ ಅಂತ ಎಲ್ಲರೂ ಊಹಿಸಿರುತ್ತಾರೆ. ಬೆನ್ನ ಮೇಲೆ ಪಟ್ಟೆ ಯಾಕೆ ಬಂತು ಅಂದರೆ ಪಂಪಿನ ಮುಚ್ಚಳ ಸೋರಿದೆ. ಪೈಜಾಮದ ಮುಂದೆ ಯಾಕೆ ಬಂತು ಅಂದರೆ ನಡುವೆ ಮೂತ್ರಕ್ಕೆ ಹೋಗಿದ್ದ, ಕೈ ತೊಳೆದಿರಲಿಲ್ಲ. ತುಟಿ ನೀಲಿ, ಯಾಕೆಂದರೆ ಕಟ್ಟಿಕೊಂಡ ನಾಜಲ್ ಬಾಯಿಂದ ಊದಿದ. ಬೀಡಿ ಕಟ್ಟು ನೀಲಿ, ಮೊಬೈಲು ನೀಲಿ. ಅಲ್ಲಿಂದ ಮುಂದೆ ನೀವು ಮಾತಾಡಬೇಕಾಗಿಲ್ಲ, ಅವರೇ ನಗುತ್ತಾ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಮೆರಿಕದಲ್ಲಿ ಇದನ್ನೇ ಕತ್ತಲಲ್ಲಿ ಹೊಳೆಯುವ ಬಣ್ಣ ಬೆರೆಸಿ, ನೇರಳಾತೀತ ದೀಪದಲ್ಲಿ ತೋರಿಸುತ್ತಾರೆ. ನಮಗೆ ನೀಲಿ ಸಾಕು.

ಎಣ್ಣಿ ಮೂಗಿನಿಂದ ಒಳಗೆ ಹೋಗುತ್ತದೆ, ಅದಕ್ಕೆ ಮೂಗು ಮುಚ್ಚಿದರೆ ಸಾಕು ಅಂತ ಬಹುಪಾಲು ಜನರ ನಂಬಿಕೆ. ಹೊಲದ ಕೆಲಸದಲ್ಲಿ ಅದರ ಮುಖ್ಯ ದಾರಿ ಚರ್ಮ. ಮೈಯ ಎಲ್ಲ ಕಡೆ ಚರ್ಮ ಒಂದೇ ಥರ ಹೀರುವುದಿಲ್ಲ. 1971ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಪ್ಯಾರಾಥಿಯಾನ್ ಅನ್ನುವ ಕೀಟನಾಶಕವನ್ನು ಮನುಷ್ಯರ ಚರ್ಮಕ್ಕೆ ಹಚ್ಚಿ ನೋಡಿದ್ದರು. ಮುಂಗೈಗೆ ಹಚ್ಚಿದ್ದರಲ್ಲಿ ಶೇಕಡಾ 9ರಷ್ಟು ಒಳಗೆ ಹೋಯಿತು. ನೆತ್ತಿಯಲ್ಲಿ 32, ಕಂಕುಳಲ್ಲಿ 64. ವೃಷಣದ ಚರ್ಮದಲ್ಲಿ ಹಚ್ಚಿದ್ದೆಲ್ಲವೂ ಒಳಗೆ ಹೋಯಿತು. ಪೈಜಾಮದ ಮೇಲಿನ ಆ ನೀಲಿ ಕಲೆಯ ಬಗ್ಗೆ ಗಂಡಸರಿಗೆ ಹೇಳುವಾಗ ಈ ಅಂಕಿ ಹೇಳಿ, ಚೆನ್ನಾಗಿ ನೆನಪಿರುತ್ತದೆ. ಬೆವರಿದ ಚರ್ಮ ಇನ್ನೂ ಬೇಗ ಹೀರುತ್ತದೆ. ಮುಖಕ್ಕೆ ಸುತ್ತಿಕೊಂಡ ಟವೆಲು ಹನಿ ಬಿದ್ದು ಒದ್ದೆಯಾದರೆ ವಿಷವನ್ನು ಮೂಗು, ಬಾಯಿಗೆ ಒತ್ತಿ ಹಿಡಿದಂತೆಯೇ.

ಹೆಚ್ಚು ಅಪಾಯ ಇರುವುದು ಬೆರೆಸುವಾಗ. ಡಬ್ಬಿಯೊಳಗಿನದು ಗಟ್ಟಿ ವಿಷ, ಟ್ಯಾಂಕಿನಲ್ಲಿ ಅದು ನೂರಾರು ಪಟ್ಟು ತೆಳ್ಳಗಾಗಿರುತ್ತದೆ. ಇಸಿ ಅಂತ ಬರೆದಿರುವ ಎಣ್ಣೆಯಂಥ ದ್ರಾವಣಗಳು ಚರ್ಮದಲ್ಲಿ ಸಲೀಸಾಗಿ ಇಳಿಯುತ್ತವೆ. ಪುಡಿಯಾದರೆ ಪ್ಯಾಕೆಟ್ ಹರಿದ ತಕ್ಷಣ ಧೂಳು ಮುಖಕ್ಕೆ ಬರುತ್ತದೆ. ಬೆರೆಸುವ ಕೆಲಸಕ್ಕೆ ಹಿಡಿಯುವುದು ಹತ್ತು ನಿಮಿಷ. ಹಾಗಾಗಿ ಹುಡುಗರ ಜೊತೆ ಒಂದು ರಾಜಿ ಮಾಡಿಕೊಳ್ಳಿ. ಆ ಹತ್ತು ನಿಮಿಷ ಮಾತ್ರ ಪೂರ್ತಿ ಕಿಟ್ ಕಡ್ಡಾಯ. ಕೈಗವಸು, ಕನ್ನಡಕ, ಎದೆಯಿಂದ ಮೊಣಕಾಲಿನ ಕೆಳಗಿನ ತನಕ ಪ್ಲಾಸ್ಟಿಕ್ ಏಪ್ರನ್, ಬೂಟು, ಮಾಸ್ಕು. ಹತ್ತು ನಿಮಿಷ ಸೆಕೆ ಯಾರಾದರೂ ತಡೆದುಕೊಳ್ಳುತ್ತಾರೆ. ಹೊಡೆಯುವಾಗ ತುಂಬು ತೋಳಿನ ಗಟ್ಟಿ ಹತ್ತಿ ಅಂಗಿ, ಪ್ಯಾಂಟು, ಟೋಪಿ, ಕನ್ನಡಕ, ಕೈಗವಸು ಇರಲಿ. ಲೇಬಲ್‌ನಲ್ಲಿ ಇದಕ್ಕಿಂತ ಜಾಸ್ತಿ ಕೇಳಿದ್ದರೆ, ಅಷ್ಟು ಹಾಕಿಸಲು ಆಗಲ್ಲ ಅಂದರೆ, ಆ ಔಷಧವೇ ಬೇಡ.

ನೀವು ತಂದಿರುವ ಕೈಗವಸು ಯಾವುದು? ಬಟ್ಟೆಯದ್ದಾದರೆ ಬಿಸಾಡಿ, ಅದು ವಿಷ ಹೀರಿಕೊಂಡು ಕೂರುತ್ತದೆ. ಆಸ್ಪತ್ರೆಯ ತೆಳ್ಳನೆ ರಬ್ಬರ್ ಕೈಗವಸೂ ಬೇಡ. ನೈಟ್ರೈಲ್‌ನ ದಪ್ಪ, ಉದ್ದ ಕೈಗವಸು ಕೇಳಿ ತನ್ನಿ. ಹಾಕುವ ರೀತಿಯನ್ನೂ ತೋರಿಸಿಕೊಡಬೇಕು. ನೆಲದ ಬೆಳೆಗೆ ಹೊಡೆಯುವಾಗ ಅಂಗಿಯ ತೋಳು ಕೈಗವಸಿನ ಮೇಲೆ ಬರಬೇಕು. ದ್ರಾಕ್ಷಿಯಲ್ಲಿ ಕೈ ಮೇಲೆತ್ತಿ ಕೆಲಸ, ಹಾಗಾಗಿ ತೋಳನ್ನು ಕೈಗವಸಿನ ಒಳಗೆ ಸೇರಿಸಿ, ಕೈಗವಸಿನ ಬಾಯನ್ನು ಹೊರಗೆ ಮಡಚಬೇಕು. ಇಳಿದು ಬಂದ ಹನಿ ಆ ಮಡಿಕೆಯಲ್ಲೇ ನಿಲ್ಲುತ್ತದೆ. ಬಿಚ್ಚುವ ಮೊದಲು ಕೈಗವಸು ತೊಟ್ಟ ಕೈಯನ್ನೇ ಸೋಪು ಹಾಕಿ ತೊಳೆಯಬೇಕು. ಇನ್ನು ಮಾಸ್ಕು. ಅಂಗಡಿಯಲ್ಲಿ ಸಿಗುವ ಬಟ್ಟೆ ಮಾಸ್ಕು ಎಣ್ಣಿಯ ಆವಿಯನ್ನು ತಡೆಯುವುದಿಲ್ಲ, ಆವಿಗೆ ಕಾರ್ಟ್ರಿಡ್ಜ್ (ಆವಿ ಹಿಡಿಯುವ ಸೋಸುಡಬ್ಬಿ) ಇರುವುದೇ ಬೇಕು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಅಭಿವೃದ್ಧಿಪಡಿಸಿದ 'ಕಿಸಾನ್ ಕವಚ್' ಅನ್ನುವ ಉಡುಪು 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿದೆ. ಬೆಲೆ ಸುಮಾರು 4,000 ರೂಪಾಯಿ ಅಂತ ಆಗ ಹೇಳಿದ್ದರು. ಅದರ ಬಟ್ಟೆ ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಗುಂಪಿನ ವಿಷವನ್ನು ತಾಗಿದ ಜಾಗದಲ್ಲೇ ಒಡೆದುಹಾಕುತ್ತದೆ. ಒಳ್ಳೇ ಕೆಲಸ. ಆದರೆ ನಿಮ್ಮ ಪಡದಲ್ಲಿ ಜಾಸ್ತಿ ಹೊಡೆಯುವುದು ಡೌನಿ, ಬೂದಿ ರೋಗದ ಔಷಧಗಳು. ಅವು ಬೇರೆ ಗುಂಪಿನವು, ಅವಕ್ಕೂ ಅದು ಹಾಗೇ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ.

ಕಲಿಸಿದ್ದು ತಲೆಗೆ ಹೋಯಿತಾ ಅಂತ ನೋಡಲು 'ಗೊತ್ತಾಯ್ತಾ?' ಅಂತ ಕೇಳಬೇಡಿ. ಸಾವ್ಕಾರ್ರು ಕೇಳಿದರೆ ಎಲ್ಲರೂ 'ಹೂಂ' ಅಂತಾರೆ. 'ಮಾಡಿ ತೋರಿಸು' ಅನ್ನಿ. ಒಂದು ದಿನಕ್ಕೆ ಒಂದೇ ವಿಷಯ, ಕೆಲಸ ಶುರುವಾಗುವ ಮುಂಚೆ ಹತ್ತು ನಿಮಿಷ, ಆ ಹತ್ತು ನಿಮಿಷವೂ ಕೂಲಿಯ ಲೆಕ್ಕದಲ್ಲೇ. ಹೇಳುವವರು ನೀವೇ ಆಗಬೇಕಾಗಿಲ್ಲ. ತಾಂಡಾದ ಹೆಣ್ಣುಮಕ್ಕಳಿಗೆ ಅವರ ಗುಂಪಿನ ಹಿರಿಯಕ್ಕ ಲಂಬಾಣಿಯಲ್ಲಿ ಹೇಳಿದರೆ ಹತ್ತು ಪ್ರಶ್ನೆ ಕೇಳುತ್ತಾರೆ, ನೀವು ಹೇಳಿದರೆ ಸೆರಗು ಎಳೆದುಕೊಂಡು ಸುಮ್ನೆ ನಿಲ್ಲುತ್ತಾರೆ. ಮುಟ್ಟು, ಬಸಿರು, ಎದೆಹಾಲಿನ ಮಾತು ಬಂದಾಗ ಆಶಾ ಕಾರ್ಯಕರ್ತೆಯನ್ನು ಕರೆಸಿ. ಚಾಟ್ನಿ ತಂಡದಲ್ಲಿ ಕನ್ನಡ ಬರದವರಿಗೆ ಅವರದೇ ಒಬ್ಬ ಹುಡುಗನಿಂದ ಅವರ ಭಾಷೆಯಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಮಾಡಿಸಿ ವಾಟ್ಸಾಪ್‌ನಲ್ಲಿ ಹಾಕಿಸಿ. ತಂಡ ಬದಲಾದರೂ ಅದು ಉಳಿಯುತ್ತದೆ. ಹೊರಗಿನವರ ನೆರವು ಬೇಕಾದರೆ ವಿಜಯಪುರ ಮತ್ತು ಇಂಡಿ ಊರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಔಷಧ ತಯಾರಿಸುವವರು, ವಿತರಿಸುವವರು ಸುರಕ್ಷತೆಯ ತರಬೇತಿ ಏರ್ಪಡಿಸಬೇಕು ಅಂತ ಕೀಟನಾಶಕ ನಿಯಮಗಳಲ್ಲೇ ಇದೆ. ನಿಮ್ಮ ಡೀಲರ್ ಹತ್ತಿರ ಒಮ್ಮೆ ಕೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ.

'ಏನೂ ಆಗಂಗಿಲ್ಲ' ಅನ್ನುವ ಮಾತಿಗೆ ಈಗ ಬರೋಣ. ಅದನ್ನು ನೀವು ಅಜ್ಞಾನ ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ತಲೆ ಸುತ್ತುತ್ತಿದೆ ಅಂತ ಮಧ್ಯಾಹ್ನ ಹೇಳಿದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಎರಡು ಸಲ ಹೇಳಿದರೆ ಮುಂದಿನ ವಾರ ಬೇರೆ ಹುಡುಗ ಬರುತ್ತಾನೆ. ಅದಕ್ಕೆ ಸಂಜೆ ತನಕ ತಡೆದುಕೊಂಡು ಮನೆಗೆ ಹೋಗಿ ವಾಂತಿ ಮಾಡುತ್ತಾರೆ. ನಿಮ್ಮ ಹುಡುಗನೂ ಹಾಗೇ ಮಾಡಿರಬಹುದು, ಕೇಳಿ ನೋಡಿ. ಎಣ್ಣಿ ಹೊಡೆಯುವಾಗ ಮೈ ಸರಿಯಿಲ್ಲ ಅಂತ ಹೇಳಿದವರಿಗೆ ಪೂರ್ತಿ ದಿನದ ಕೂಲಿ ಅಂತ ಎಲ್ಲರ ಮುಂದೆ ಹೇಳಿ, ಮೊದಲ ಸಲ ಯಾರಾದರೂ ಹೇಳಿದ ದಿನ ಅಲ್ಲೇ ಕೊಟ್ಟುಬಿಡಿ. ಒಬ್ಬಿಬ್ಬರು ಸುಳ್ಳು ಹೇಳಬಹುದು. ಹೇಳಲಿ. ಆಸ್ಪತ್ರೆ ಖರ್ಚಿನ ಮುಂದೆ ಅದು ಏನೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2001ರ ಕೃಷಿ ಸುರಕ್ಷತಾ ಒಪ್ಪಂದದಲ್ಲಿ, ಅಪಾಯ ಕಂಡರೆ ಕೆಲಸದಿಂದ ದೂರ ಸರಿಯುವುದು ಕೆಲಸಗಾರರ ಹಕ್ಕು ಅಂತಲೇ ಬರೆದಿದ್ದಾರೆ.

ಪಂಪ್‌ಹೌಸ್ ಹತ್ತಿರ ಒಂದು ಡ್ರಮ್ ನೀರು, ಸೋಪು, ಮರೆ ಇರಲಿ. ಹುಡುಗರು ಅಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಮನೆಗೆ ಹೋಗಲಿ. ಎಣ್ಣಿಯ ಬಟ್ಟೆಯನ್ನು ಮನೆಯ ಬಟ್ಟೆ ಜೊತೆ ಕೂಡಿಸಿ ಒಗೆಯಬಾರದು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಮಾಡಿ. ತೂತು ಮಾಡದಿದ್ದರೆ ಅದು ಯಾರದೋ ಮನೆಯ ಸೀಮೆಎಣ್ಣೆ ಡಬ್ಬಿ ಆಗುತ್ತದೆ.

ಏನಾದರೂ ಆದರೆ ಮಾಡಬೇಕಾದದ್ದನ್ನು ಎಲ್ಲರಿಗೂ ಒಂದು ಸಲ ಮಾಡಿಸಿಯೇ ಕಲಿಸಿ. ಮೊದಲು ಪಡದಿಂದ ಆಚೆ ತನ್ನಿ. ಒದ್ದೆ ಬಟ್ಟೆ ಬಿಚ್ಚಿ, ನಾಚಿಕೆ ಗೀಚಿಕೆ ಆಮೇಲೆ. ಸೋಪು, ನೀರಿನಿಂದ ತಲೆಯಿಂದ ಕಾಲಿನ ತನಕ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಬಿಡದೆ ನೀರು ಹರಿಸಿ. ಉಪ್ಪುನೀರು, ಹುಣಸೆಹುಳಿ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆಯಂಥ ದ್ರಾವಣ ವಾಂತಿಯ ಜೊತೆ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಟ್ಟದು. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117 ಅನ್ನುವ ಉಚಿತ ಸಂಖ್ಯೆ ಇದೆ, ಹಗಲು ರಾತ್ರಿ ಸಿಗುತ್ತಾರೆ. ಆಸ್ಪತ್ರೆಗೆ ಹೋಗುವಾಗ ಲೀಫ್‌ಲೆಟ್ ಕೈಯಲ್ಲಿರಲಿ. ಆರ್ಗನೋಫಾಸ್ಫೇಟ್ ಆದರೆ ಅಟ್ರೋಪಿನ್ ಇಂಜೆಕ್ಷನ್ ಇದೆ. ಬದುವಿನ ಕಳೆಗೆ ಹೊಡೆಯುವ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಅದನ್ನಂತೂ ಶೆಡ್ಡಿನಲ್ಲಿ ಇಡಲೇಬೇಡಿ. ಪ್ರತಿ ಹೊಸ ಔಷಧ ತಂದಾಗ ಲೇಬಲ್, ಲೀಫ್‌ಲೆಟ್ ಎರಡರ ಫೋಟೋ ತೆಗೆದು ಹುಡುಗರ ಮೊಬೈಲಿಗೂ ಕಳಿಸಿ. ನೀವು ಊರಲ್ಲಿ ಇಲ್ಲದ ದಿನವೇ ಇಂಥದ್ದೆಲ್ಲ ಆಗೋದು.

ಕೊನೆಗೆ ಚಾಟ್ನಿ ತಂಡ. ಎಲ್ಲಕ್ಕಿಂತ ಹೆಚ್ಚು ನನಗೆ ಚಿಂತೆ ಇರುವುದು ಇವರದ್ದೇ, ಯಾಕೆಂದರೆ ಇವರು ಮುಟ್ಟುವುದು ಡಾರ್ಮೆಕ್ಸ್. ಅದು ಕೀಟನಾಶಕ ಅಲ್ಲ, ಚಾಟ್ನಿ ಆದ ಮೇಲೆ ಕಡ್ಡಿಯ ಕಣ್ಣು, ಅಂದರೆ ಮೊಗ್ಗು, ಒಡೆಸಲು ಹಚ್ಚುವಂಥದ್ದು, ಹಾಗಾಗಿ ಭಯವೂ ಇಲ್ಲ. ಆ ಕ್ಯಾನಿನಲ್ಲಿ ಸುಮಾರು ಅರ್ಧ ಪಾಲು ಹೈಡ್ರೋಜನ್ ಸಯನಮೈಡ್ ಇರುತ್ತದೆ. ಒಂದು ಕೈಯಲ್ಲಿ ಮಗ್ಗು, ಇನ್ನೊಂದರಲ್ಲಿ ಸ್ಪಂಜು ಹಿಡಿದು ಕಡ್ಡಿ ಕಡ್ಡಿಗೂ ಒತ್ತುತ್ತಾ ಹೋಗುತ್ತಾರೆ, ಸ್ಪಂಜಿನಿಂದ ಹಿಂಡಿದ್ದು ಮೊಣಕೈಗೆ ಇಳಿಯುತ್ತದೆ. ಚರ್ಮ ಸುಡುತ್ತದೆ, ಸುಲಿಯುತ್ತದೆ, ಕಣ್ಣಿಗೆ ಹೋದರೆ ಇನ್ನೂ ಕಷ್ಟ. ಜೊತೆಗೆ ಇನ್ನೊಂದಿದೆ. ಸಯನಮೈಡ್ ಮೈಯೊಳಗೆ ಸೇರಿದರೆ ಹೆಂಡವನ್ನು ಜೀರ್ಣ ಮಾಡುವ ಒಂದು ಕಿಣ್ವವನ್ನು ತಡೆಯುತ್ತದೆ. ಕುಡಿತ ಬಿಡಿಸುವ ಔಷಧವಾಗಿಯೂ ಅದನ್ನು ಬಳಸಿದ್ದಾರೆ. ಡಾರ್ಮೆಕ್ಸ್ ಹಚ್ಚಿ ಸಂಜೆ ಒಂದು ಕ್ವಾರ್ಟರ್ ಹಾಕಿದವರಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಬಡಿದುಕೊಂಡು, ಉಸಿರು ಕಟ್ಟಿದಂತಾಗುತ್ತದೆ. ಅದಕ್ಕೇ ಹಚ್ಚುವ ಹಿಂದಿನ ದಿನದಿಂದ ಹಚ್ಚಿದ ಮೇಲೆ ಏಳು ದಿನದ ತನಕ ಕುಡಿಯಬಾರದು ಅನ್ನುವ ಎಚ್ಚರಿಕೆ ಇದೆ. ಏಳು ದಿನ ಅಂದರೆ ಕೆಲಸ ಮುಗಿದು ಪಗಾರ ಎಣಿಸಿಕೊಂಡ ದಿನವೂ ಅದರೊಳಗೇ ಬರುತ್ತದೆ. ಇದನ್ನು ಗಂಡಸರಿಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಕುಡಿಯುವವರನ್ನು ಬೈಯುವ ದನಿ ಬೇಡ. ಏಳು ದಿನ ಆಗದವರಿಗೆ ಡಾರ್ಮೆಕ್ಸ್ ಬಿಟ್ಟು ಬರೀ ಚಾಟ್ನಿ ಕೊಡಿ.

ಈ ತಂಡ ಎಕರೆ ಲೆಕ್ಕದ ಗುತ್ತಿಗೆ ಹಿಡಿದಿರುತ್ತದೆ. ಕೈ ತೊಳೆಯಲು ನಿಂತರೆ, ಹರಿದ ಕೈಗವಸು ಬದಲಿಸಲು ಹೋದರೆ ಅವರಿಗೆ ಅದು ನಷ್ಟ. ನೀವು ಎಷ್ಟು ಬುದ್ಧಿ ಹೇಳಿದರೂ ಆ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಅಕ್ಟೋಬರ್ ಚಾಟ್ನಿಗೆ ಮೇಸ್ತ್ರಿ ದರ ಮಾತಾಡಲು ಬಂದಾಗಲೇ ಬೇರೆ ಮಾಡಿ. ಚಾಟ್ನಿ ಬೇಕಾದರೆ ಎಕರೆ ಲೆಕ್ಕದಲ್ಲೇ ಇರಲಿ, ಡಾರ್ಮೆಕ್ಸ್ ದಿನಗೂಲಿ. ದಿನಕ್ಕೆ ಎರಡು ಸಲ ತೊಳೆಯುವ ಬಿಡುವು, ಪ್ರತಿಯೊಬ್ಬರಿಗೂ ಒಂದು ಜೊತೆ ನೈಟ್ರೈಲ್ ಕೈಗವಸು, ಹರಿದರೆ ಇನ್ನೊಂದು, ಎಲ್ಲ ನಿಮ್ಮ ಖರ್ಚು. ಸಣ್ಣ ಹುಡುಗರು ತಂಡದಲ್ಲಿ ಇರಬಾರದು. ಸ್ಪಂಜನ್ನು ಕೈಯಲ್ಲಿ ಹಿಡಿಯುವ ಬದಲು ಒಂದು ಗೇಣು ಉದ್ದದ ಕೋಲಿಗೆ ಕಟ್ಟಿಕೊಳ್ಳಲು ಹೇಳಿ. ಮೇಸ್ತ್ರಿ ಮೊದಲು 'ಅದೆಲ್ಲ ಆಗಲ್ರೀ' ಅಂತಾನೆ. ಮುಂಗಡ ಇನ್ನೂ ನಿಮ್ಮ ಕೈಯಲ್ಲೇ ಇರುವಾಗ ಈ ಮಾತು ಮುಗಿಸಿಕೊಳ್ಳಿ.